ಬರಿಗಲ್ಲು

"ಕಲ್ಲಿಗೆ ಕಾಳು ಹಾಕಬ್ಯಾಡ್ರಿ" ಎಂದು ಜಡೆಪ್ಪ ಹೇಳಿದ್ದೇ ತಡ, ಹೊಳೆಮ್ಮ ಬೀಸುಕಲ್ಲಿನ ಗೂಟದಿಂದ ಕೈ ತೆಗೆದುಬಿಟ್ಟಳು.

ಶಾಲೆಯ ಮುಂದಿನ ಬಯಲಲ್ಲಿ ಮೂರು ಕಾಲಿನ ಮೇಲೆ ನಿಂತ ಸಿನಿಮಾದ ಕಪ್ಪು ಪೆಟ್ಟಿಗೆ ಅವಳ ಕಡೆಗೇ ಮುಖ ಮಾಡಿತ್ತು. ಅದರ ಹಿಂದೆ ಬಿಳಿ ಟೋಪಿಯ ಮದರಾಸಿನವನೊಬ್ಬ ಬೆವರುತ್ತ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಪೆಟ್ಟಿಗೆಗೆ ಒತ್ತಿಕೊಂಡು ನಿಂತಿದ್ದ. ಕಲ್ಲಿನ ಸುತ್ತ ಹೆಣ್ಣುಮಕ್ಕಳು ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಕೂತಿದ್ದರು. ಅವರ ಹಿಂದೆ ತಾಯಂದಿರು. ಹಬ್ಬಕ್ಕೆ ಉಡುವ ಸೀರೆಗಳೆಲ್ಲ ಅವತ್ತು ಗಂಟಿನಿಂದ ಹೊರಬಿದ್ದಿದ್ದವು.

"ಕಾಳು ಯಾಕ ಬ್ಯಾಡ?" ಎಂದಳು ಹೊಳೆಮ್ಮ.

"ಹಿಟ್ಟು ಹಾರಿ ಅದರ ಕಣ್ಣಾಗ ಕುಂದ್ರತೈತಂತ. ಸಾಹೇಬ್ರು ಹೇಳ್ಯಾರ. ಸುಮ್ನ ತಿರುವಿದ್ರ ಸಾಕಬೇ."

"ಬರಿಗಲ್ಲು ತಿರುವಬಾರದಪ್ಪ. ತಿರುವಿದ ಮನಿ ಬರಿದಾಗತೈತಿ. ನಿಮ್ಮವ್ವ ನಿನಗ ಇಷ್ಟೂ ಹೇಳಿಲ್ಲೇನು?"

"ಅವರವ್ವ ಬೀಸಿದ್ದು ಯಾವಾಗ? ಆ ಮನಿ ಜ್ವಾಳಾನೂ ನೀನ ಬೀಸಿ ಕೊಟ್ಟಾಕಿ" ಎಂದು ಹಿಂದಿನಿಂದ ಮುದುಕಮ್ಮ ಅಂದಳು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಜಡೆಪ್ಪನೂ ನಕ್ಕ. ನಕ್ಕು, ಕೊಟ್ರಯ್ಯ ಮಾಸ್ತರ ಮುಖ ನೋಡಿದ.

ಮಾಸ್ತರು ಕಲ್ಲಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. ಯಾರನ್ನೂ ಬೇಡಿಕೊಂಡು ಗೊತ್ತಿದ್ದ ಜೀವವಲ್ಲ ಅದು. ಆದರೆ ಹೊಳೆಮ್ಮನ ಜೊತೆ ಅವರ ದನಿ ಬೇರೆ.

"ಹೊಳೆಮ್ಮ, ಬರಿದಾಗೋದು ಮನಿ. ಇದು ಸಾಲಿ. ಬರಿದಾಗಾಕ ಸಾಲ್ಯಾಗ ಏನೈತಿ? ನಾನು, ನನ್ನ ಬೆತ್ತ. ತಿರುವು."

"ನೀವು ಹೇಳ್ತೀರಂದ್ರ ತಿರುವತೀನಿ" ಎಂದಳು ಅವಳು. ಗೂಟಕ್ಕೆ ಕೈ ಹಚ್ಚಿ, ಒಂದು ಸುತ್ತು ತಿರುವಿ, ರೂಢಿಯಂತೆ ಪದಕ್ಕೆ ಬಾಯಿ ತೆರೆದಳು.

"ಪದಾನೂ ಬ್ಯಾಡಬೇ" ಎಂದ ಜಡೆಪ್ಪ. "ಇದಕ್ಕ ಕಿವಿ ಇಲ್ಲ. ಬರೇ ಕಣ್ಣು."

"ಕಿವಿ ಇಲ್ಲದ್ದಕ್ಕ ಇಷ್ಟು ಮಂದಿ ಸೇವಾನ?" ಎಂದಳು ಹೊಳೆಮ್ಮ. ಬಾಯಿ ಮುಚ್ಚಿಕೊಂಡು ತಿರುವಿದಳು. ಹೊಟ್ಟೆಯಲ್ಲಿ ಕಾಳಿಲ್ಲದ ಕಲ್ಲು ಕಲ್ಲಿಗೆ ತಾಗಿ ಹಲ್ಲು ಕಡಿದಂತೆ ಸದ್ದು ಮಾಡಿತು. ಮಕ್ಕಳಿಗೆ ಮಾತ್ರ ಮಗ್ಗಿ ಹೇಳಲು ಬಿಟ್ಟಿದ್ದರು. ಅವರ ತುಟಿ ಆಡಬೇಕಂತೆ. ಮಾಸ್ತರು ಎದ್ದು ನಿಂತು, ಪಾಠದಲ್ಲಿ ಮಾಡುವ ಹಾಗೆಯೇ, ಕೈಯಲ್ಲಿ ತಾಳ ಹಾಕುತ್ತ, ಹದಿಮೂರು ಎಂಟಲೆ ಬಂದಾಗ ಹಿಂದಿನ ಸಾಲಿನ ಒಬ್ಬ ಹುಡುಗಿಗೆ ಬೆರಳು ತೋರಿಸಿ "ನೀ ಹೇಳು" ಎಂದರು. ಪೆಟ್ಟಿಗೆ ಕಿರ್ರೆಂದು ಎಲ್ಲವನ್ನೂ ನುಂಗಿತು.

ಕೊಟ್ರಯ್ಯನ ಸಿಟ್ಟು ಬಸವನಗಡ್ಡಿಯಲ್ಲಿ ಹೊಳೆಯಷ್ಟೇ ಹಳೆಯದು. ಕಂಪ್ಲಿಯಿಂದ ಗಾಡಿದಾರಿಯಲ್ಲಿ ಬಂದರೆ, ಕಬ್ಬಿನ ಗದ್ದೆ ಮುಗಿದು ಹೊಳೆದಂಡೆ ಶುರುವಾಗುವಲ್ಲಿ ಆ ಊರು. ಅರಸರ ಕಾಲದ ಕಲ್ಲುಮಂಟಪವೇ ಬೋರ್ಡ್ ಶಾಲೆ. ಎಲ್ಲ ತರಗತಿಗೂ ಇವರೊಬ್ಬರೇ ಮಾಸ್ತರು. ಬಂದ ಹೊಸದರಲ್ಲಿ ಹದಿಮೂರರ ಮಗ್ಗಿಗೆಂದೇ ಅವರು ಮುರಿದ ಲಕ್ಕಿಬರಲಿನ ಬೆತ್ತಗಳನ್ನು ಕೂಡಿಸಿದ್ದರೆ ಒಂದು ಗುಡಿಸಲು ಕಟ್ಟಬಹುದಿತ್ತು. ಮಗ್ಗಿ ಮಾತ್ರ ಯಾರ ತಲೆಗೂ ಹತ್ತಿರಲಿಲ್ಲ.

ಒಂದು ದಿನ ಬೆಳಗಿನಲ್ಲಿ ಹೊಳೆಯಲ್ಲಿ ಸ್ನಾನ ಮುಗಿಸಿ ಬರುವಾಗ ಹೊಳೆಮ್ಮನ ಮನೆಯಿಂದ ಬೀಸುವ ಪದ ಕೇಳಿಸಿತು. ಗಂಡ ಸತ್ತ ಮೇಲೆ ದೊಡ್ಡ ಮನೆಗಳ ಜೋಳ ಬೀಸಿ ಬದುಕುತ್ತಿದ್ದ ಹೆಂಗಸು. ಆ ಪದವನ್ನು ಅವರು ದಿನವೂ ಕೇಳಿದ್ದರು. ಅವತ್ತು ಕಿವಿಗೊಟ್ಟು ಕೇಳಿದರು. ಕಲ್ಲು ಒಂದು ಸುತ್ತು ಬರುವುದಕ್ಕೂ ಪದದ ಒಂದು ಸಾಲು ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಸುತ್ತಿನ ಕೊನೆಯಲ್ಲಿ ದನಿ ಸ್ವಲ್ಪ ಏರಿ, ಮುಂದಿನ ಸುತ್ತನ್ನು ತಾನೇ ಎಳೆದುಕೊಳ್ಳುತ್ತಿತ್ತು. ಕೊಟ್ರಯ್ಯ ಒದ್ದೆ ಪಂಚೆ ಹೆಗಲ ಮೇಲೆ ಹಾಕಿಕೊಂಡೇ ಅವಳ ಹೊಸ್ತಿಲ ಹೊರಗೆ ಕೂತು, ಆ ಧಾಟಿಗೆ ಹದಿಮೂರರ ಮಗ್ಗಿ ಹೊಂದಿಸಿದರು. ಹೊಂದಿತು. ಒಳಗೆ ಹೊಳೆಮ್ಮ ಕಲ್ಲು ನಿಲ್ಲಿಸಿ, "ಏನ್ರೀ ಮಾಸ್ತರ, ನನ್ನ ಹಾಡಿಗೆ ನಿಮ್ಮ ಲೆಕ್ಕ ಹಾಕಾಕತ್ತೀರಲ್ಲ" ಎಂದು ನಕ್ಕಳು.

ಆಮೇಲೆ ಅವಳದೇ ಮನೆಯ ಅಟ್ಟದ ಕೆಳಗೆ ಬಿದ್ದಿದ್ದ ಅವಳ ಅತ್ತೆಯ ಕಾಲದ ಕಲ್ಲು ಶಾಲೆಗೆ ಬಂತು. ಊರವರು ಮೊದಲು ನಕ್ಕರು. "ಮಾಸ್ತರು ಸಾಲ್ಯಾಗ ಜ್ವಾಳ ಬೀಸಾಕತ್ಯಾರ" ಎಂದರು. ನಗು ನಿಂತದ್ದು ಹೆಣ್ಣುಮಕ್ಕಳಿಂದ. ಅಲ್ಲಿಯವರೆಗೆ ಯಾವ ತಾಯಿಯನ್ನು ಕೇಳಿದರೂ ಒಂದೇ ಉತ್ತರ: ಹುಡುಗಿ ಸಾಲಿಗೆ ಬಂದರೆ ಜೋಳ ಬೀಸುವವರು ಯಾರು? "ಹುಡುಗಿ ಕೂಡ ಜ್ವಾಳಾನೂ ಕಳಸ್ರಿ" ಎಂದರು ಕೊಟ್ರಯ್ಯ. ಒಬ್ಬಳು ಬಂದಳು, ಇಬ್ಬರಾದರು. ಸರದಿಯ ಮೇಲೆ ಬೀಸುತ್ತ, ಬೀಸುವ ಧಾಟಿಯಲ್ಲಿ ಮಗ್ಗಿ, ತಾಲೂಕುಗಳ ಹೆಸರು, ಹೊಳೆಗಳ ಹೆಸರು. ಮಧ್ಯಾಹ್ನ ಮನೆಗೆ ಹೋಗುವಾಗ ಒಬ್ಬೊಬ್ಬಳ ಪುಟ್ಟಿಯಲ್ಲಿ ಹಿಟ್ಟು, ಬಾಯಲ್ಲಿ ಪಾಠ. ಜಿಲ್ಲೆಯಲ್ಲಿ ಬೇರೆ ಯಾವ ಹಳ್ಳಿಯ ಶಾಲೆಯಲ್ಲೂ ಅಷ್ಟು ಹೆಣ್ಣುಮಕ್ಕಳು ಕೂತದ್ದಿಲ್ಲ ಎಂದು ಕೊಟ್ರಯ್ಯ ಕಂಡಕಂಡವರಿಗೆ ಹೇಳುತ್ತಿದ್ದರು. ಬಡಾಯಿ ಇದ್ದರೂ ಸುಳ್ಳಿರಲಿಲ್ಲ.

ಯುದ್ಧ ಶುರುವಾಗಿ, ಸೀಮೆಎಣ್ಣೆಗೂ ಸಾಲು ನಿಲ್ಲುವ ಕಾಲ ಬಂದಾಗ ಶಾಲೆಗಳ ಹೊಸ ಡೆಪ್ಟಿ ಇನ್‌ಸ್ಪೆಕ್ಟರು ಬಂದರು. ಮಂಟಪದೊಳಗೆ ಕಾಲಿಟ್ಟು, ಬೂಟಿಗೆ ಹತ್ತಿದ ಹಿಟ್ಟು ನೋಡಿ, "ಇದು ಶಾಲೆಯೋ, ಗಿರಣಿಯೋ?" ಎಂದರು. ಮುಂದಿನ ಸಲ ಬರುವುದರೊಳಗೆ ಕಲ್ಲು ಹೊರಗೆ ಹೋಗಿರಬೇಕು, ಇಲ್ಲವಾದರೆ ಮಾಸ್ತರು ಹೋಗಬೇಕಾಗುತ್ತದೆ ಎಂದು ಹೇಳಿ ಗಾಡಿ ಹತ್ತಿದರು. ಕಲ್ಲು ಹೋದರೆ ಹೆಣ್ಣುಮಕ್ಕಳು ಹೋಗುತ್ತಾರೆ. ಅದು ಕೊಟ್ರಯ್ಯನಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಆ ಹೊತ್ತಿಗೇ ಜಡೆಪ್ಪ ಸರ್ಕಾರದ ಪ್ರಚಾರದ ಮೋಟಾರಿನಲ್ಲಿ ಊರಿಗೆ ಬಂದ. ಹದಿಮೂರರ ಮಗ್ಗಿಯನ್ನು ಕಲ್ಲಿನ ಧಾಟಿಯಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿಸಿದವನು ಅವನೇ. ಕಂಠ ಒಳ್ಳೆಯದಿತ್ತು. ಹೊಸಪೇಟೆಯ ನಾಟಕದ ಕಂಪನಿ ಸೇರಿ, ಕಂಪನಿ ಮುಳುಗಿ, ಈಗ ಊರೂರಿಗೆ ಸಿನಿಮಾ ತೋರಿಸುವ ಮೋಟಾರಿನಲ್ಲಿ ಮಾತು ಹೇಳುವ ಕೆಲಸ ಹಿಡಿದಿದ್ದ. ಅವತ್ತು ತೋರಿಸಿದ್ದು ನಾರುಹುಣ್ಣಿನ ಚಿತ್ರ. ಮೆಟ್ಟಿಲು ಬಾವಿಯ ನೀರಿನ ಹನಿಯಲ್ಲಿ ಹುಳು ಹೇಗೆ ಇರುತ್ತದೆ, ಹೇಗೆ ಕಾಲಿನಿಂದ ಹೊರಗೆ ಬರುತ್ತದೆ ಎಂಬುದನ್ನು ಬಿಳಿ ಬಟ್ಟೆಯ ಮೇಲೆ ಕಂಡು ಹೆಂಗಸರು ಕಾಲು ಮಡಚಿಕೊಂಡರು. ಚಿತ್ರ ಮೂಗ. ಜಡೆಪ್ಪ ಕೊಳವೆಯಂಥ ಮೈಕು ಹಿಡಿದು ಊರಿನ ಮಾತಿನಲ್ಲೇ ವಿವರಿಸಿದ. ಮರುದಿನ ಕೊಡದ ಬಾಯಿಗೆ ಸೀರೆ ಬಟ್ಟೆ ಕಟ್ಟದ ಹೆಂಗಸು ಊರಲ್ಲಿರಲಿಲ್ಲ. ತಾವು ವರ್ಷಗಟ್ಟಲೆ ಒದರಿದರೂ ಆಗದ್ದು ಒಂದು ಸಂಜೆಯಲ್ಲಿ ಆದದ್ದನ್ನು ನೋಡಿ ಕೊಟ್ರಯ್ಯ ದಂಗಾದರು.

"ಚಿತ್ರಕ್ಕ ಜೀವ ಇಲ್ರೀ ಸರ. ಮಾತು ನಂದು" ಎಂದಿದ್ದ ಜಡೆಪ್ಪ, ಹೆಮ್ಮೆಯಿಂದ.

ಆಮೇಲೆ ಅವನೇ ಆಸೆ ಹಚ್ಚಿದ. ಶಾಲೆಗಳಲ್ಲಿ ಸಿನಿಮಾ ತೋರಿಸಿ ಪಾಠ ಮಾಡುವ ಯೋಜನೆ ಮದರಾಸಿನಲ್ಲಿ ಆಗುತ್ತಿದೆ, ಮಾಸ್ತರುಗಳಿಗೂ ಸಿನಿಮಾ ತೋರಿಸಿಯೇ ಕಲಿಸುತ್ತಾರೆ, ನಿಮ್ಮ ಕಲ್ಲಿನ ಪಾಠವನ್ನು ಹಿಡಿದುಬಿಟ್ಟರೆ ಯಾವ ಡೆಪ್ಟಿಯೂ ಅದನ್ನು ಮುಟ್ಟಲಾರ ಎಂದ. ಕೊಟ್ರಯ್ಯ ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದರು. "ನೀವು ಅದೀರಲ್ರೀ" ಎಂದಷ್ಟೇ ಅವರು ಅಂದರು.

ಬರಿಗಲ್ಲು ತಿರುವಿಸಿ ಚಿತ್ರ ತೆಗೆದುಕೊಂಡು ಹೋದ ಮೇಲೆ ಜೋಳ ತೆನೆಗಟ್ಟಿತು, ಕಟಾವೂ ಮುಗಿಯಿತು. ಮೋಟಾರಿನ ಸುದ್ದಿ ಇಲ್ಲ.

ಒಂದು ದಿನ ಮಂಟಪದ ಕಂಬಗಳ ನಡುವೆ ಬಿಸಿಲು ಒಳಗೆ ಬಿದ್ದಿದ್ದ ಹೊತ್ತು, ಕಲ್ಲಿನ ಮುಂದೆ ಹೊಳೆಮ್ಮನ ಮಗಳು ಪಂಪಿ ಕೂತಿದ್ದಳು. ಬಾಗಿಲಲ್ಲಿ ಬೂಟಿನ ಸದ್ದಾಯಿತು. ಡೆಪ್ಟಿ ಬಂದರೆಂದು ಕೊಟ್ರಯ್ಯ ತಿರುಗಿದರು. ತಲೆ ಸಣ್ಣಗೆ ಕತ್ತರಿಸಿಕೊಂಡ, ಖಾಕಿ ತೊಟ್ಟ ಹುಡುಗ ಬಗ್ಗಿ ಅವರ ಕಾಲು ಮುಟ್ಟಿದ. ಹೊಳೆಮ್ಮನ ಮಗ ಗುಡ್ಡಪ್ಪ. ಹೊಸಪೇಟೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಹೊರುತ್ತಿದ್ದವನು.

"ಏನಲೇ ಇದು, ಯಾವ ನಾಟಕದ ವೇಷ?"

"ನಾಟಕ ಅಲ್ರೀ ಸರ. ಮಿಲಿಟ್ರಿ. ನಾಳೆ ರೈಲಿಗೆ ಹೋಗೋದು. ನಿಮ್ಮ ಕಾಲಿಗೆ ಬಿದ್ದು ಹೋಗಾಕ ಬಂದೆ."

"ಯಾವನ ಹೇಳಿದ ನಿನಗ ಮಿಲಿಟ್ರಿಗೆ ಹೋಗು ಅಂತ?"

ಗುಡ್ಡಪ್ಪ ಸುತ್ತ ಕೂತ ಮಕ್ಕಳನ್ನು ನೋಡಿ ನಕ್ಕ. ಮಾಸ್ತರು ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡಿದ್ದ. "ನೀವ ಕರದ್ರೆಲ್ರೀ ಸರ."

"ನಾನು?"

"ಸಿನಿಮಾದಾಗ. ಹೊಸಪ್ಯಾಟ್ಯಾಗ ತೋರ್ಸಿದ್ರು. ನೀವು ಹಿಂಗ ಬೆರಳು ಮಾಡಿ, 'ಏ ನೀನ, ನೀನ ಬಾ' ಅಂತಂದ್ರಿ. ನಮ್ಮ ಕಾರ್ಖಾನಿ ಹುಡುಗ್ರೆಲ್ಲ, 'ನಿಮ್ಮ ಮಾಸ್ತರು ನಿನ್ನ ಕರೀತಾರ ನೋಡಲೇ' ಅಂದ್ರು. ನನಗ ಎದಿ ಹಿಂಗ ಆತ್ರೀ."

ಯಾರೋ ಓಡಿಹೋಗಿ ಹೇಳಿರಬೇಕು. ಹೊಳೆಮ್ಮ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ಮಗನ ಬೋಳಿಸಿದಂತಿದ್ದ ತಲೆ ನೋಡಿ, ಸತ್ತವರ ಮನೆಗೆ ಬಂದವಳಂತೆ ಕಂಬ ಹಿಡಿದು ನಿಂತಳು.

"ನೀನೂ ಅದರಾಗ ಅದೀಯವ್ವ" ಎಂದ ಗುಡ್ಡಪ್ಪ. "ಹಬ್ಬದ ಸೀರಿ ಉಟ್ಕೊಂಡು ನನಗ ಬುತ್ತಿಗೆ ಬೀಸಾಕತ್ತಿದ್ದಿ. ನಿನ್ನ ಪದ ಕೇಳಿ ಅಲ್ಲಿ ಎಷ್ಟು ಮಂದಿ ಕಣ್ಣೀರು ಹಾಕಿದ್ರು ಗೊತ್ತೇನು? ಅವ್ವನ ಒಪ್ಪಿಗಿ ಅದ ಅಂತಂದು ಅಲ್ಲೇ ಸಹಿ ಮಾಡಿದೆ."

"ನಾ ಬೀಸಲಿಲ್ಲಪ್ಪ" ಎಂದಳು ಹೊಳೆಮ್ಮ. "ಅದರಾಗ ಕಾಳ ಇದ್ದಿಲ್ಲ."

"ಲೇ, ಅದು ಮಗ್ಗಿ" ಎಂದು ಕೊಟ್ರಯ್ಯ ಕೂಗಿದರು. ಮಂಟಪ ಗುಂಯ್‌ಗುಟ್ಟಿತು. "ಹದಿಮೂರು ಎಂಟಲೆ ಎಷ್ಟಂತ ಈ ಹುಡುಗಿನ್ನ ಕೇಳಿದ್ದು. ನಿನ್ನ ಕರದಿಲ್ಲೋ ಮಗನ."

"ಸರ, ನಾ ಕಣ್ಣಾರೆ ನೋಡೀನ್ರಿ."

ಕಣ್ಣಾರೆ ಕಂಡದ್ದನ್ನು ನಂಬು ಎಂದು ನಾರುಹುಣ್ಣಿನ ಚಿತ್ರದ ಮರುದಿನ ಇಡೀ ಶಾಲೆಗೆ ಹೇಳಿದವರು ಅವರೇ.

ಹೊಳೆಮ್ಮ ಮಗನ ತೋಳು ಹಿಡಿದಳು. "ಹೊಳಿ ದಾಟು. ಆಚಿ ದಂಡಿ ನಿಜಾಮನ ಸೀಮಿ. ನಿಮ್ಮ ಮಾವ ಅದಾನ, ಈಗಿಂದೀಗ ಹರಿಗೋಲು ಹತ್ತು. ಮಿಲಿಟ್ರಿಯವರು ಅಲ್ಲಿಗೆ ಬರಂಗಿಲ್ಲ."

ಗುಡ್ಡಪ್ಪನ ಮುಖ ಮೊದಲ ಸಲ ಸಣ್ಣದಾಯಿತು. "ನೀ ಬುತ್ತಿ ಬೀಸಿ, ಮಾಸ್ತರು ಕರದು, ಈಗ ಓಡಿ ಹೋಗು ಅಂದ್ರ ಹೆಂಗವ್ವ? ಹಳ್ಳಿಗಳಾಗೆಲ್ಲ ಸಿನಿಮಾ ತೋರ್ಸಾಕತ್ಯಾರ. ನಾಲ್ಕು ಮಂದಿ ನನಗ ಏನಂದಾರು, ನಿನಗ ಏನಂದಾರು?"

ಹೊತ್ತು ಇಳಿಯುವ ಮೊದಲೇ ಅವನು ಕಂಪ್ಲಿಯ ದಾರಿ ಹಿಡಿದ. ಹೊಳೆಮ್ಮ ಊರ ಅಗಸೆಬಾಗಿಲಿನವರೆಗೆ ಹೋದಳು. ಕೊಟ್ರಯ್ಯ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಬೇಕು?

ಮೋಟಾರು ಕಂಪ್ಲಿಗೆ ಬಂದಿದೆ ಎಂದು ಆ ವಾರದ ಸಂತೆಯವರು ಹೇಳಿದರು. ಕೊಟ್ರಯ್ಯ ಶಾಲೆಗೆ ಬೀಗ ಹಾಕಿ ನಡೆದೇ ಹೊರಟರು. ಕೋಟೆಯ ಮುಂದಿನ ಬಯಲಲ್ಲಿ ದೀಪ ಹಚ್ಚುವ ಹೊತ್ತಿಗೆ ಬಿಳಿ ಬಟ್ಟೆ ಎದ್ದಿತ್ತು. ಅಕ್ಕಿ ಗಿರಣಿಯ ಕೂಲಿಗಳು, ಗಾಡಿಯವರು, ಬಾಳೆಕಾಯಿ ಮಾರುವವರು ನೆಲಕ್ಕೆ ಕೂತಿದ್ದರು. ಕೊಟ್ರಯ್ಯ ಹಿಂದೆ ನಿಂತರು. ಯಾರೂ ಗುರುತು ಹಿಡಿಯದಿರಲಿ ಎಂದು ತಲೆಗೆ ಟವೆಲು ಸುತ್ತಿಕೊಂಡಿದ್ದರು. ಜೀವನದಲ್ಲಿ ಹಾಗೆ ಮುಖ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು.

ಬಟ್ಟೆಯ ಮೇಲೆ ಬಸವನಗಡ್ಡಿ ಮೂಡಿತು. ಮಂಟಪ. ಹಬ್ಬದ ಸೀರೆಗಳು. ಹೊಳೆಮ್ಮ ಬಾಯಿ ಬಿಗಿದುಕೊಂಡು ಕಲ್ಲು ತಿರುವುತ್ತಿದ್ದಳು. ಮೈಕಿನಲ್ಲಿ ಜಡೆಪ್ಪನ ದನಿ ಬಂತು: ಹೊಳೆದಂಡೆಯ ತಾಯಂದಿರು ಸೈನ್ಯಕ್ಕೆ ಹೋಗುವ ಮಕ್ಕಳಿಗೆ ಬುತ್ತಿ ಕಟ್ಟಲು ಹಿಟ್ಟು ಬೀಸುತ್ತಿದ್ದಾರೆ, ಹಾಡು ಕೇಳಿರಿ. ಆಮೇಲೆ ಅವನು ಹಾಡಿದ.

*ಹೊಳಿದಂಡಿ ಹುಡುಗ, ಖಾಕಿ ತೊಟ್ಟು ನಡಿಯೋ,*
*ಹಡೆದವ್ವ ಬೀಸ್ಯಾಳ ನಿನಗ ಬುತ್ತಿ.*

ಅದೇ ಧಾಟಿ. ಸುತ್ತಿನ ಕೊನೆಯಲ್ಲಿ ಸ್ವಲ್ಪ ಏರಿ, ಮುಂದಿನ ಸುತ್ತನ್ನು ತಾನೇ ಎಳೆದುಕೊಳ್ಳುವ ಅದೇ ದನಿ. ಪೆಟ್ಟಿಗೆಗೆ ಕಿವಿ ಇರಲಿಲ್ಲ ನಿಜ. ಕಿವಿ ಮಂಟಪದ ಮುಂದಿನ ಸಾಲಿನಲ್ಲಿ ಚಡ್ಡಿ ಹಾಕಿಕೊಂಡು ಕೂತು, ಮಗ್ಗಿಯ ಜೊತೆಗೆ ಅದನ್ನೂ ಕಲಿತು ಹೋಗಿತ್ತು.

ಬಟ್ಟೆಯ ಮೇಲಿನ ಕೊಟ್ರಯ್ಯ ತಾಳ ಹಾಕುತ್ತಿದ್ದರು. ಬೆರಳು ಎತ್ತಿದರು. "ಏ ನೀನ, ಹಿಂದ ಕುಂತಾವ, ನೀನ ಬಾ, ಅಂತಾರ ಮಾಸ್ತರು" ಎಂದಿತು ಮೈಕು. ಮುಂದಿದ್ದ ಗಾಡಿಯವನೊಬ್ಬ ತನ್ನ ಜೊತೆಗಾರನ ಪಕ್ಕೆಗೆ ತಿವಿದು, "ನಿನಗ ಅನ್ನಾಕತ್ಯಾರ ನೋಡಲೇ" ಎಂದ. ಜನ ಹಾಡಿಗೆ ತಲೆದೂಗುತ್ತಿದ್ದರು. ಕೊಟ್ರಯ್ಯ ಕೆಳಗೆ ನೋಡಿದರೆ ತಮ್ಮದೇ ಬಲಗಾಲು ತಾಳ ಹಾಕುತ್ತಿತ್ತು. ಅದರ ಮೇಲೆ ಎಡಗಾಲಿಟ್ಟು ಒತ್ತಿ ಹಿಡಿದರು.

ಜನ ಕರಗುವವರೆಗೂ ಕಾಯಲಿಲ್ಲ. ಮೋಟಾರಿನ ಹಿಂಬದಿಗೆ ಹೋಗಿ, "ಲೇ ಜಡೆಪ್ಪ" ಎಂದರು.

ಅವನು ಮೈಕಿನ ತಂತಿ ಸುತ್ತುತ್ತಿದ್ದವನು ಬೆಚ್ಚಿ ಎದ್ದ. "ಬರ್ರಿ ಸರ. ಕುಂದ್ರಿ. ಯಾವಾಗ ಬಂದ್ರಿ?"

"ಕುಂದ್ರಾಕ ಬಂದಿಲ್ಲ. ಇದೇನಾ ನನ್ನ ಪಾಠ? ಇದನ್ನ ನೋಡೇನು ಊರೂರ ಮಾಸ್ತರು ಕಲಿಯೋದು?"

"ಚಿತ್ರ ತಗದಾಗ ಅದಕ್ಕಂತನ ತಗದದ್ದು ಸರ, ನಿಮ್ಮ ಪಾದದಾಣಿ. ಆಮ್ಯಾಲೆ ಮ್ಯಾಲಿನವ್ರು ಬ್ಯಾರೆ ಹೇಳಿದ್ರು. ಅವ್ರು ಬರದು ಕೊಟ್ಟದ್ದು ಓದೋದು ನನ್ನ ಕೆಲಸ."

"ಧಾಟಿನೂ ಅವರ ಬರದು ಕೊಟ್ರ?"

ಜಡೆಪ್ಪ ತಂತಿಯನ್ನು ಬಿಚ್ಚಿ ಮತ್ತೆ ಸುತ್ತಿದ.

"ಮಾತಾಡಲೇ. ಧಾಟಿ ಯಾರದು?"

"ಬರೇ ಮಾತಿಗೆ ಮಂದಿ ನಿಲ್ಲಂಗಿಲ್ರಿ. ಪದ ಹಾಕಿದ್ರ ಮನಸಿನ್ಯಾಗ ಕುಂದ್ರತೈತಿ ಅಂತ ಕಲಿಸಿದವರು ಯಾರು ಸರ? ನೀವ. ನಾ ಕಲಿತದ್ದು ಮಾಡಿದೆ."

"ಹೊಳೆಮ್ಮನ ಮಗ ಹೋದ, ಗೊತ್ತೇನು? ಗುಡ್ಡಪ್ಪ. ನಿನ್ನ ಹಾಡು ಕೇಳಿ, ಅವ್ವನ ಒಪ್ಪಿಗಿ ಅದ ಅಂತ ತಿಳಿದು ಹೋದ. ಬಿಡಿಸಿಕೊಂಡು ಬಾ."

ಜಡೆಪ್ಪನ ಮುಖ ಬಿಳಿಚಿತು. ಅದು ಅವನಿಗೆ ಗೊತ್ತಿರಲಿಲ್ಲ, ಅಷ್ಟು ನಿಜ. "ಸಹಿ ಮಾಡಿದ ಮ್ಯಾಲೆ ಬಿಡಸಾಕ ಬರಂಗಿಲ್ರಿ" ಎಂದ, ಸಣ್ಣ ದನಿಯಲ್ಲಿ. ಆಮೇಲೆ ಆ ಸಣ್ಣ ದನಿ ತನಗೇ ಸೇರದವನಂತೆ, "ಆ ಧಾಟಿ ನಿಮ್ಮದೇನ್ರಿ?" ಎಂದ. "ನೀವೂ ಆಕಿ ಹೊಸ್ತಿಲದಾಗ ಕುಂತು ತಗೊಂಡದ್ದ ಅಲ್ಲ? ತಗೊಳ್ಳಾ ಅಂತ ಆಕಿನ್ನ ಕೇಳಿದ್ರೇನು?"

ಕೊಟ್ರಯ್ಯನ ಕೈ ಮೇಲೆದ್ದಿತು. ಎದ್ದ ಕೈ ನೋಡಿದ್ದೇ ಜಡೆಪ್ಪ, ಯೋಚಿಸದೆ, ತನ್ನ ಅಂಗೈ ಮುಂದೆ ಚಾಚಿ ನಿಂತ. ಮಂಟಪದಲ್ಲಿ ಮಗ್ಗಿ ತಪ್ಪಿದಾಗ ನಿಲ್ಲುತ್ತಿದ್ದ ಹಾಗೆ, ಹೆಬ್ಬೆರಳು ಒಳಗೆ ಮಡಚಿ, ಕಣ್ಣು ಅರ್ಧ ಮುಚ್ಚಿ. ಇನ್ನೂ ಬಿಡದ ಆ ಹಳೆಯ ಅಭ್ಯಾಸ ನೋಡಿ ಕೊಟ್ರಯ್ಯನ ಕೈ ತಾನಾಗಿ ಇಳಿಯಿತು. ಹೊಡೆದಿದ್ದರೆ ಬಹುಶಃ ಇಬ್ಬರಿಗೂ ಹಗುರಾಗುತ್ತಿತ್ತು. "ಥೂ" ಎಂದು ತಿರುಗಿ ನಡೆದರು.

ಮರುದಿನ ಹೊಳೆಮ್ಮನ ಹೊಸ್ತಿಲ ಹೊರಗೆ ನಿಂತು ಕಂಡದ್ದನ್ನು ಹೇಳಿದರು. ಮುಚ್ಚಿಡಲಿಲ್ಲ. ಅವಳು ಜೋಳ ಹಸನು ಮಾಡುತ್ತ ಕೇಳಿದಳು.

"ನಾ ಅದರಾಗ ಮಾತಾಡ್ತೀನೇನ್ರಿ?"

"ಇಲ್ಲ."

"ಬಾಯಿ ತಗದೀನೇನು?"

"ಇಲ್ಲ ಹೊಳೆಮ್ಮ. ನಿನ್ನ ಧಾಟ್ಯಾಗ ಅವ ಹಾಡ್ತಾನ."

"ಅದಕ್ಕ ಕಿವಿ ಇಲ್ಲ ಅಂದಿದ್ರಿ."

ಹಾಗೆ ಅಂದದ್ದು ಜಡೆಪ್ಪ, ನಾನಲ್ಲ ಎಂದು ನಾಲಿಗೆಯ ತುದಿಗೆ ಬಂತು. ಕೊಟ್ರಯ್ಯ ಅದನ್ನು ನುಂಗಿಕೊಂಡರು. ಬರಿಗಲ್ಲು ತಿರುವು ಎಂದವರು ಯಾರು?

ಹೊಳೆಮ್ಮ ಮೊರವನ್ನು ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ಅವರ ಮುಂದೆಯೇ ಶಾಲೆಗೆ ಹೋದಳು. ಕಲ್ಲಿನ ಸುತ್ತ ಕೂತ ಹುಡುಗಿಯರು ಜಾಗ ಬಿಟ್ಟರು. ಮೇಲಿನ ಕಲ್ಲನ್ನು ಎರಡೂ ಕೈಯಿಂದ ಎತ್ತಿ, ಅದಕ್ಕೆ ಮೆತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿ, ತಲೆಯ ಮೇಲೆ ಸಿಂಬೆ ಇಟ್ಟು ಹೊತ್ತಳು. ಕೆಳಗಿನ ಕಲ್ಲು ನಡುವಿನ ಮೊಳೆಯೊಂದಿಗೆ ಅಲ್ಲೇ ಉಳಿಯಿತು.

"ಅದನ್ನೂ ಕಳಸ್ಲೇನು?" ಎಂದರು ಕೊಟ್ರಯ್ಯ.

"ಇರಲಿ ಬಿಡ್ರಿ. ಒಂದ ಇದ್ರ ಯಾರೂ ತಿರುವಂಗಿಲ್ಲ."

ಅವತ್ತು ಅರ್ಧ ಬೀಸಿದ ಜೋಳವನ್ನು ಹುಡುಗಿಯರು ಮನೆಗೆ ಒಯ್ದರು. ಮರುದಿನ ಕೆಲವರು ಬರಲಿಲ್ಲ. ಅಮಾವಾಸ್ಯೆ ಕಳೆಯುವುದರೊಳಗೆ ಹೆಣ್ಣುಮಕ್ಕಳ ಸಾಲೇ ಖಾಲಿಯಾಯಿತು. ಕೊಟ್ರಯ್ಯ ಬೇರೆ ಕಲ್ಲು ತರಿಸುತ್ತೇನೆಂದು ಮನೆಮನೆಗೆ ಹೋದರು. "ಯಾಕ್ರೀ, ಮತ್ತ ಯಾರ ಮಗನ್ನ ಕಳಸೋದೈತಿ?" ಎಂದಳು ಮುದುಕಮ್ಮ, ಈ ಸಲ ನಗದೆ. ಗಂಡುಹುಡುಗರು ಮಗ್ಗಿಯನ್ನು ಧಾಟಿಯಿಲ್ಲದೆ ಓದಿದರು. ಎಂಟಲೆಗೆ ಬಂದು ತಡವರಿಸಿದರು.

ಡೆಪ್ಟಿ ಇನ್‌ಸ್ಪೆಕ್ಟರು ಮತ್ತೆ ಬಂದಾಗ ಮುಖದ ತುಂಬ ನಗು ಇತ್ತು. ಜವಾನ ಒಂದು ಚೌಕದ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟ.

"ನೋಡಿದೆ ಮಾಸ್ತರೇ, ನಿಮ್ಮ ಚಿತ್ರ ನೋಡಿದೆ. ಬಳ್ಳಾರಿಯಲ್ಲಿ ದೊಡ್ಡವರೆಲ್ಲ ಮೆಚ್ಚಿದರು. ಈ ಕಲ್ಲಿನ ಪದ್ಧತಿಯನ್ನು ಮುಂದುವರಿಸಲು ನನ್ನದೇನೂ ಅಡ್ಡಿಯಿಲ್ಲ." ಸುತ್ತ ನೋಡಿದರು. "ಎಲ್ಲಿ ಕಲ್ಲು? ಹೆಣ್ಣುಮಕ್ಕಳೆಲ್ಲಿ?"

"ನೀವ ತಗಿ ಅಂದಿದ್ರೆಲ್ರಿ" ಎಂದರು ಕೊಟ್ರಯ್ಯ.

ಡೆಪ್ಟಿಯವರು ಆ ಮಾತನ್ನು ಕೇಳಿಸಿಕೊಳ್ಳದವರಂತೆ ಪೆಟ್ಟಿಗೆಯ ಮುಚ್ಚಳ ತೆರೆದರು. ಗ್ರಾಮಫೋನು. ಹಸಿರು ಬಟ್ಟೆ ಹಚ್ಚಿದ ದುಂಡನೆಯ ತಟ್ಟೆ, ನಡುವೆ ಮೇಲೆದ್ದ ಸಣ್ಣ ಮೊಳೆ, ಪಕ್ಕಕ್ಕೊಂದು ಹಿಡಿಕೆ. "ಸರ್ಕಾರ ಸಂತೋಷಪಟ್ಟು ಕೊಟ್ಟದ್ದು. ಸಂಗೀತದಿಂದ ಪಾಠ ಮಾಡುವ ಶಾಲೆ ಅಲ್ಲವೇ? ಹಾಡಿನ ತಟ್ಟೆಗಳು ಬಳ್ಳಾರಿಯಿಂದ ಆಮೇಲೆ ಬರುತ್ತವೆ. ತಿರುಗುವುದನ್ನಾದರೂ ನೋಡಿ, ಎಷ್ಟು ನಯ" ಎಂದು ಹಿಡಿಕೆ ತಿರುವಿ, ಕೀಲು ಬಿಟ್ಟರು. ಹಾಡಿಲ್ಲದ ತಟ್ಟೆ ಸದ್ದಿಲ್ಲದೆ ತಿರುಗತೊಡಗಿತು. ಹುಡುಗರು ಎದ್ದು ನಿಂತು ಕತ್ತು ಚಾಚಿದರು.

ಬಾಗಿಲಲ್ಲಿ ಪಂಪಿ ನಿಂತಿದ್ದಳು. ಸೊಂಟದ ಮೇಲೆ ಗೌಡರ ಮನೆಯ ಜೋಳದ ಪುಟ್ಟಿ. ಶಾಲೆಯಲ್ಲಿ ಬಿಟ್ಟುಹೋದ ಸ್ಲೇಟು ಒಯ್ಯಲು ಬಂದಿದ್ದಳು. ಅಣ್ಣನ ಕೂಲಿ ನಿಂತ ಮೇಲೆ ತಾಯಿಯ ಜೊತೆ ಕಲ್ಲಿಗೆ ಕೂರುವುದು ಅವಳ ಪಾಲಿಗೆ ಬಂದಿತ್ತು. ಒಳಗೆ ಬಂದು, ಗೂಡಿನಿಂದ ಸ್ಲೇಟು ತೆಗೆದುಕೊಂಡು ತಿರುಗಿದವಳು ಮೇಜಿನ ಹತ್ತಿರ ನಿಂತಳು. ತಿರುಗುವ ತಟ್ಟೆಯನ್ನು ನೋಡಿದಳು. ಮಾಸ್ತರ ಮುಖ ನೋಡಲಿಲ್ಲ. ಪುಟ್ಟಿಗೆ ಕೈ ಹಾಕಿ, ಒಂದು ಹಿಡಿ ಜೋಳ ತೆಗೆದು ಅದರ ಮೇಲೆ ಹಾಕಿದಳು.

"ಏ ಹುಡುಗಿ" ಎಂದರು ಡೆಪ್ಟಿ.

ಅಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು. ಕಾಳುಗಳು ಸುತ್ತುತ್ತ ಅಂ‌ಚಿಗೆ ಸರಿದು, ಟಪಟಪ ಎಂದು ಕಲ್ಲಿನ ನೆಲಕ್ಕೆ ಉದುರಿದವು. ಜವಾನ ತಟ್ಟೆ ನಿಲ್ಲಿಸುವ ಕೀಲು ಹಾಕಲು ಕೈ ಚಾಚಿದ. ಕೊಟ್ರಯ್ಯ ಅವನ ಕೈ ಹಿಡಿದರು. ಒಂದು ಕಾಳು ಮಾತ್ರ ನಡುವಿನ ಮೊಳೆಗೆ ಆತುಕೊಂಡು, ತಟ್ಟೆ ತಾನಾಗಿ ನಿಲ್ಲುವವರೆಗೂ ತಿರುಗುತ್ತಲೇ ಇತ್ತು.